ಗೋವಾ ಕೋಟೆ ಪೋರ್ಚುಗೀಸರ ಪಾಲಾಗಿದ್ದು ನಮ್ಮ ಹೊನ್ನಾವರದ ತಿಮ್ಮಯ್ಯನಿಂದಲಾ?

ಶರಾವತಿ ತೀರ
ಎಲ್ಲರಿಗೂ ನಮಸ್ಕಾರ. ಹೋದ ವಾರ ಮಗಳನ್ನು ಕರೆದುಕೊಂಡು ಹಳೇ ಗೋವಾಕ್ಕೆ ಹೋಗಿದ್ದೆ. ಬಂದವರೆಲ್ಲ ದೊಡ್ಡ ಚರ್ಚುಗಳ ಕಡೆ ನಡೆಯುತ್ತಾರೆ. ನಾವು ಇಳಿಜಾರಿನಲ್ಲಿರುವ ಪುಟ್ಟ ಸಂತ ಕ್ಯಾಥರಿನ್ ಚಾಪೆಲ್ ಹತ್ತಿರ ಹೋದೆವು. ಚಿರೆಕಲ್ಲಿನ ಕಟ್ಟಡ, ಜನ ಯಾರೂ ಇಲ್ಲ. ಗೋಡೆಯಲ್ಲಿ ಪೋರ್ಚುಗೀಸ್ ಭಾಷೆಯ ಒಂದು ಶಾಸನ ಇದೆ. ಇಲ್ಲೇ ಊರಬಾಗಿಲು ಇತ್ತು, 1510ರಲ್ಲಿ ಸಂತ ಕ್ಯಾಥರಿನ್ ಹಬ್ಬದ ದಿನ ಪೋರ್ಚುಗೀಸ್ ಗವರ್ನರ್ ಅಫೋನ್ಸೊ ದ ಅಲ್ಬುಕರ್ಕ್ ಈ ಬಾಗಿಲಿನಿಂದ ಒಳಗೆ ಬಂದು ಊರು ಗೆದ್ದ ಅಂತ ಅದರಲ್ಲಿ ಬರೆದಿದೆ. 1550ರಲ್ಲಿ ಗವರ್ನರ್ ಜಾರ್ಜ್ ಕಾಬ್ರಾಲ್ ಹಾಕಿಸಿದ್ದಂತೆ.

ಅಲ್ಲಿಗೆ ಬಂದ ಗೈಡ್ ಒಬ್ಬರು ನಾವು ಹೊನ್ನಾವರದವರು ಅಂದ ತಕ್ಷಣ "ಹಾಗಾದ್ರೆ ನಿಮ್ಮೂರಿನವನೇ ಅಲ್ವಾ ಗೋವಾ ತೋರಿಸಿಕೊಟ್ಟದ್ದು, ತಿಮೋಜ" ಅಂದರು. ನಾವು ತಿಮ್ಮಯ್ಯ ಅನ್ನುವವನನ್ನೇ ಅವರು ತಿಮೋಜ ಅಂದದ್ದು. ಮಗಳು ನನ್ನ ಮುಖ ನೋಡಿದಳು. ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಅಜ್ಜ ಬದುಕಿದ್ದಾಗ ತಿಮ್ಮಯ್ಯನನ್ನು ದೊಡ್ಡ ನಾವಿಕ ಅಂತ ಹೇಳುತ್ತಿದ್ದರು. ಹಾಗಾದರೆ ಇವನು ಯಾರು? ನಾಯಕನಾ, ದ್ರೋಹಿಯಾ, ಬರೀ ಕಡಲ್ಗಳ್ಳನಾ? ತಿಳಿದವರು ಬಿಡಿಸಿ ಹೇಳಿ.

ಪಡುವಣ ಗಾಳಿ
ದ್ರೋಹಿ. ಅದರಲ್ಲಿ ಎರಡು ಮಾತೇ ಇಲ್ಲ. ಅವನು ಕರೆಯದಿದ್ದರೆ ಅಲ್ಬುಕರ್ಕ್ ಗೋವಾ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ಹಡಗುಗಳು ಹೊರಟಿದ್ದು ಕೆಂಪು ಸಮುದ್ರದ ಕಡೆಗೆ.

ಬಂದರು ಭಟ್ಕಳ
ಅಣ್ಣ, ಅಷ್ಟು ಬೇಗ ತೀರ್ಪು ಕೊಡಬೇಡಿ. ಯಾರಿಗೆ ದ್ರೋಹ? ಗೋವಾ ಆಗ ಬಿಜಾಪುರದ ಆದಿಲ್ ಶಾಹಿಗಳದು. ತಿಮ್ಮಯ್ಯ ಗೇರುಸೊಪ್ಪೆ, ಹೊನ್ನಾವರದ ಕಡೆಯವನು. ಅವರ ಮೇಲಿದ್ದದ್ದು ವಿಜಯನಗರ. ಅವನ ಮಟ್ಟಿಗೆ ಗೋವಾ ಎಂದರೆ ಶತ್ರುವಿನ ಬಂದರು. ಇವತ್ತಿನ ನಕ್ಷೆಯನ್ನು ಐನೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ.

ಪಡುವಣ ಗಾಳಿ
ಶತ್ರುವಿನ ಬಂದರು ಅಂತ ಸಮುದ್ರದಾಚೆಯಿಂದ ಬಂದವರನ್ನು ಮನೆಗೆ ಕರೆಯಬಹುದಾ?

ಬಂದರು ಭಟ್ಕಳ
ಅವರು ಆಗಲೇ ಮನೆಯೊಳಗೆ ಬಂದಾಗಿತ್ತು ಮಾರಾಯ್ರೇ. ಕೊಚ್ಚಿಯಲ್ಲಿ 1503ರಲ್ಲೇ ಕೋಟೆ ಕಟ್ಟಿದ್ದರು. ಕಣ್ಣೂರಿನಲ್ಲಿ 1505ರಲ್ಲಿ. ಅದೇ ವರ್ಷ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲೂ ಕೋಟೆ ಶುರು ಮಾಡಿದರು. ಹೊನ್ನಾವರದ ಬಂದರಿಗೆ ನುಗ್ಗಿ ಹಡಗು ಸುಟ್ಟದ್ದೂ ಅದೇ 1505ರಲ್ಲಿ, ಅವರ ಮೊದಲ ವೈಸರಾಯ್ ಅಲ್ಮೇಡನ ಕಾಲದಲ್ಲಿ. ತಿಮ್ಮಯ್ಯ ಅದನ್ನು ಕಣ್ಣಾರೆ ಕಂಡವನು. ಅವರ ಫಿರಂಗಿ ಎಂಥದ್ದು ಅಂತ ಅವನಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಹಳೇ ಮೇಷ್ಟ್ರು
ಇನ್ನೂ ಹಿಂದಕ್ಕೆ ಹೋಗಬೇಕು. 1498ರಲ್ಲಿ ವಾಸ್ಕೊ ಡ ಗಾಮ ವಾಪಸ್ ಹೊರಟಾಗ ಅಂಜದೀವದಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸುತ್ತಿದ್ದ. ಆಗ ಎಂಟು ದೋಣಿಗಳನ್ನು ಸೊಪ್ಪು, ಕೊಂಬೆಗಳಿಂದ ಮುಚ್ಚಿಕೊಂಡು ಅವನ ಮೇಲೆ ಬೀಳಲು ಬಂದವನು ಇದೇ ತಿಮ್ಮಯ್ಯ ಅಂತ ಪೋರ್ಚುಗೀಸ್ ಬರಹಗಾರರೇ ಹೇಳುತ್ತಾರೆ. ಮೊದಲು ಹೊಡೆಯಲು ಹೋದ. ಆಮೇಲೆ ಅವರಿಂದ ಪೆಟ್ಟು ತಿಂದ. ಕೊನೆಗೆ ಅವರ ಜೊತೆ ಸೇರಿದ. ಹನ್ನೆರಡು ವರ್ಷದಲ್ಲಿ ಇಷ್ಟೂ ಆಯಿತು.

ಮೂಲ ಕಾರಣ ಕುದುರೆ. ಇದು ಗೊತ್ತಾಗದಿದ್ದರೆ ಗೋವಾದ ಕಥೆಯೇ ಗೊತ್ತಾಗುವುದಿಲ್ಲ. ದಕ್ಕನ್ನಿನ ಸೈನ್ಯಗಳಿಗೆ ಒಳ್ಳೆ ಕುದುರೆ ಬರುತ್ತಿದ್ದದ್ದು ಅರಬ್ ದೇಶ, ಪರ್ಷಿಯಾ ಕಡೆಯಿಂದ, ಹಡಗಿನಲ್ಲಿ. ಯಾವ ಬಂದರಿನಲ್ಲಿ ಕುದುರೆ ಇಳಿಯುತ್ತದೋ ಆ ಬಂದರಿನ ಒಡೆಯ ಗೆದ್ದ. ಸುಮಾರು 1380ರಲ್ಲಿ ವಿಜಯನಗರದವರು ಗೋವಾ ಹಿಡಿದರು. 1472ರಲ್ಲಿ ಬಹಮನಿಗಳ ಮಹಮೂದ್ ಗವಾನ್ ಅದನ್ನು ಕಿತ್ತುಕೊಂಡ. ಬಹಮನಿ ರಾಜ್ಯ ಒಡೆದ ಮೇಲೆ ಆದಿಲ್ ಶಾಹಿಗೆ ಹೋಯಿತು. ಗೋವಾ ಕೈತಪ್ಪಿದ ಮೇಲೆ ವಿಜಯನಗರಕ್ಕೆ ಉಳಿದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳು. ಕುದುರೆ ಹಡಗುಗಳು ಗೋವಾಕ್ಕೆ ಹೋಗದೆ ಈ ಕಡೆ ಬರುವ ಹಾಗೆ ತಡೆದು ತಿರುಗಿಸುವುದೇ ತಿಮ್ಮಯ್ಯನ ದೋಣಿಪಡೆಯ ಕೆಲಸ ಅಂತ ಬಾರೋಸ್ ಎಂಬ ಪೋರ್ಚುಗೀಸ್ ಇತಿಹಾಸಕಾರ ಬರೆದಿದ್ದಾನೆ. ಗೋವಾದವರ ಕಣ್ಣಿಗೆ ಅವನು ಕಡಲ್ಗಳ್ಳ. ಹಂಪಿಯವರ ಕಣ್ಣಿಗೆ ಅವನು ಸುಂಕದ ಕಾವಲುಗಾರ. ಎರಡೂ ನಿಜ.

ಶರಾವತಿ ತೀರ
ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಧನ್ಯವಾದ.

ಕೂರ್ಮಗಡ
ಅವನ ಹೆಸರು ತಿಮ್ಮಯ್ಯನಾ ತಿಮ್ಮೋಜನಾ? ಮೊದಲು ಅದು ಇತ್ಯರ್ಥ ಆಗಲಿ. ನಾನು ತಿಮ್ಮೋಜ ಅನ್ನುವ ಕಡೆ. ಕನ್ನಡದಲ್ಲಿ ಓಜ ಅಂತ ಮುಗಿಯುವ ಹೆಸರುಗಳು ಬೇಕಾದಷ್ಟಿವೆ. ಬೇಲೂರಿನ ಶಿಲ್ಪಿ ದಾಸೋಜ ಇಲ್ಲವೇ?

ಅಕ್ಷರ ಪ್ರೇಮಿ
ಓಜ ಅನ್ನುವುದು ಹೆಚ್ಚಾಗಿ ಶಿಲ್ಪಿ, ಅಕ್ಕಸಾಲಿಗರಂಥ ಕಸುಬುದಾರರ ಹೆಸರಿನಲ್ಲಿ ಬರುತ್ತದೆ. ಉಪಾಧ್ಯಾಯ ಅನ್ನುವುದರಿಂದ ಬಂದದ್ದು. ಇಲ್ಲಿ ಇನ್ನೊಂದು ವಿಷಯ ಇದೆ. 16ನೇ ಶತಮಾನದ ಯುರೋಪಿನ ಬರಹದಲ್ಲಿ ಐ ಮತ್ತು ಜೆ ಅಕ್ಷರಗಳು ಬೇರೆ ಬೇರೆ ಆಗಿರಲಿಲ್ಲ. ಒಂದನ್ನು ಇನ್ನೊಂದರ ಜಾಗದಲ್ಲಿ ಬರೆಯುತ್ತಿದ್ದರು. ಹಾಗಾಗಿ ಅವರು ತಿಮೋಯ ಅಂತ ಬರೆದದ್ದನ್ನು ನಾವು ಈಗ ತಿಮೋಜ ಅಂತ ಓದುತ್ತಿರಬಹುದು. ತಿಮ್ಮಯ್ಯ ಅವರ ಕಿವಿಗೆ ತಿಮೋಯ ಅಂತ ಕೇಳಿಸುವುದು ಸಹಜ. ಆದಿಲ್ ಖಾನ್ ಅನ್ನುವುದನ್ನು ಇಡಾಲ್ಕಾಂವ್ ಮಾಡಿದವರು ಅವರು!

ಕೂರ್ಮಗಡ
ಇದು ಒಪ್ಪುವ ಮಾತು. ನಾನೂ ಇನ್ನು ತಿಮ್ಮಯ್ಯ ಅಂತಲೇ ಬರೆಯುತ್ತೇನೆ.

ಗೋಳಗುಮ್ಮಟದ ನೆರಳು
ವಿಜಯಪುರದವಳು ನಾನು. ನಮ್ಮ ಕಡೆಯ ಮಾತೂ ಬರಲಿ. ಆದಿಲ್ ಶಾಹಿಗೆ ಗೋವಾ ಎಂದರೆ ಬರೀ ಸುಂಕದ ಕಟ್ಟೆ ಅಲ್ಲ. ಊರಿನ ಸುತ್ತ ಕೋಟೆ, ಕಂದಕ, ಒಳಗೆ ಅರಮನೆ, ನದಿ ದಂಡೆಯಲ್ಲಿ ಹಡಗು ಕಟ್ಟುವ ಜಾಗ. 1509ರ ಫೆಬ್ರವರಿಯಲ್ಲಿ ದೀವ್ ಹತ್ತಿರ ಪೋರ್ಚುಗೀಸರು ಈಜಿಪ್ಟಿನ ಹಡಗುಪಡೆಯನ್ನು ಸೋಲಿಸಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಬಂದ ರೂಮಿಗಳು, ಅಂದರೆ ತುರ್ಕಿ ಕಡೆಯ ಸೈನಿಕರು, ಗೋವಾದಲ್ಲಿ ಸೇರಿಕೊಂಡಿದ್ದರು. ಹೊಸ ಹಡಗುಗಳು ತಯಾರಾಗುತ್ತಿದ್ದವು. ತಿಮ್ಮಯ್ಯ ಅಲ್ಬುಕರ್ಕ್‌ಗೆ ಕೊಟ್ಟ ಸುದ್ದಿ ಇದೇ. ಇವರು ಬಲಿಯುವ ಮೊದಲೇ ಹೊಡೆ, ಸುಲ್ತಾನನೂ ಈಗ ಊರಿನಲ್ಲಿಲ್ಲ ಅಂತ.

1510ರ ಫೆಬ್ರವರಿಯಲ್ಲಿ ಹೆಚ್ಚು ಕಾದಾಟವಿಲ್ಲದೆ ಊರು ಬಿತ್ತು. ಆದರೆ ನಮ್ಮವರು ಸುಮ್ನೆ ಕೂರಲಿಲ್ಲ. ಮೂರು ತಿಂಗಳಲ್ಲಿ ಸೈನ್ಯ ಬಂತು, ಮೇ ತಿಂಗಳಲ್ಲಿ ಊರು ವಾಪಸ್ ಪಡೆದರು. ಈ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ. ಶಾಲೆಯ ಪುಸ್ತಕದಲ್ಲಿ "1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದನು" ಅಂತ ಒಂದು ಸಾಲು. ಅಷ್ಟೇ. ಅದೇ ವರ್ಷದಲ್ಲಿ ಆ ಊರು ಮೂರು ಸಲ ಕೈ ಬದಲಾಯಿಸಿತು.

ಪಡುವಣ ಗಾಳಿ
ಮೇ ತಿಂಗಳಲ್ಲಿ ಗೆದ್ದವನು ಯೂಸುಫ್ ಆದಿಲ್ ಶಾ ಅಲ್ವಾ?

ಹಳೇ ಮೇಷ್ಟ್ರು
ಅದು ಹಳೇ ಜಗಳ. ಪೋರ್ಚುಗೀಸರ ಪ್ರಕಾರ ಯೂಸುಫ್ ಅಷ್ಟರಲ್ಲಿ ತೀರಿಕೊಂಡಿದ್ದ, ಬಂದದ್ದು ಅವನ ಮಗ ಇಸ್ಮಾಯಿಲನ ಸೈನ್ಯ. ಇಸ್ಮಾಯಿಲ್ ಇನ್ನೂ ಹುಡುಗ, ಆಡಳಿತ ನೋಡುತ್ತಿದ್ದವನು ಕಮಾಲ್ ಖಾನ್. ಬಿಜಾಪುರದಲ್ಲೇ ಕೂತು ಬರೆದ ಫಿರಿಶ್ತಾ ಮಾತ್ರ ಯೂಸುಫನೇ ಸ್ವತಃ ಬಂದು ಗೆದ್ದ ಅನ್ನುತ್ತಾನೆ. ಆದರೆ ಫಿರಿಶ್ತಾ ಬರೆದದ್ದು ಸುಮಾರು ನೂರು ವರ್ಷ ಆದಮೇಲೆ. ನಾನು ಇಸ್ಮಾಯಿಲನ ಪಕ್ಷ.

ಗೋಳಗುಮ್ಮಟದ ನೆರಳು
ನಾನು ಫಿರಿಶ್ತಾನ ಪಕ್ಷ ಸರ್. ಹತ್ತಿರದಲ್ಲಿದ್ದವರು ಬರೆದದ್ದೆಲ್ಲ ನಿಜ ಅಂತೇನಿಲ್ಲ. ಗೆದ್ದವರು ಎದುರಾಳಿಯ ಮನೆ ಸುದ್ದಿ ಬರೆದಾಗ ತಪ್ಪು ಜಾಸ್ತಿ.

ಅಳಿವೆ ಬಾಗಿಲು
ನಾನು ಇತಿಹಾಸ ಓದಿದವನಲ್ಲ, ದೋಣಿಯವನು. ಆದರೆ ಮೇ ತಿಂಗಳು ಅಂದಿರಲ್ಲ, ಅದರ ಬಗ್ಗೆ ಹೇಳಬೇಕು. ಮೇ ಕೊನೆಗೆ ಊರು ಬಿಟ್ಟು ಹಡಗು ಹತ್ತಿದರೆ ಎಲ್ಲಿಗೆ ಹೋಗುವುದು? ಜೂನ್ ಹತ್ತಿರ ಬಂದರೆ ಅಳಿವೆ ದಾಟಲು ಆಗುವುದಿಲ್ಲ. ಮಾಂಡೋವಿ ಇರಲಿ, ನಮ್ಮ ಶರಾವತಿ ಇರಲಿ, ಎಲ್ಲ ಒಂದೇ. ಒಳಗಿಂದ ನದಿಯ ಕೆಂಪು ನೀರು ದೂಡುತ್ತದೆ. ಹೊರಗಿಂದ ಪಡುವಣ ಗಾಳಿ ಅಲೆ ಎತ್ತಿ ಒಡೆಯುತ್ತದೆ. ನಡುವೆ ಮರಳಿನ ದಿಬ್ಬ. ದಿಬ್ಬದ ಮೇಲೆ ನೀರು ಎಷ್ಟಿದೆ ಅಂತ ಬೆಳಗ್ಗೆ ಒಂದು ಲೆಕ್ಕ, ಸಂಜೆ ಇನ್ನೊಂದು. ಅಲೆಯ ತಗ್ಗಿನಲ್ಲಿ ದೋಣಿ ಕೆಳಗೆ ಇಳಿದಾಗ ಅಡಿ ಮರಳಿಗೆ ಬಡಿಯುತ್ತದೆ. ಒಂದು ಸಲ ಬಡಿದರೆ ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆ ಮಗುಚಿ ಹಾಕುತ್ತದೆ. ನಮ್ಮ ಚಿಕ್ಕಪ್ಪ ಹೊನ್ನಾವರದ ಅಳಿವೆಯಲ್ಲಿ ಹೀಗೆ ದೋಣಿ ಕಳೆದುಕೊಂಡವರು, ಈಜಿ ಬದುಕಿದರು. ಈಗಲೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ ಅಂತ ಸರ್ಕಾರದ ಕಾನೂನು. ಆದರೆ ಕಾನೂನು ಇಲ್ಲದ ಕಾಲದಲ್ಲೂ ನಮ್ಮ ಹಿರಿಯರು ಇಳಿಸುತ್ತಿರಲಿಲ್ಲ.

ಹಾಗಾಗಿ ಪೋರ್ಚುಗೀಸರು ಊರು ಬಿಟ್ಟರೂ ನದಿ ಬಿಡಲು ಆಗಲಿಲ್ಲ ಅಂತ ನನ್ನ ಲೆಕ್ಕ. ಸರಿಯಾ?

ಹಳೇ ಮೇಷ್ಟ್ರು
ನೂರಕ್ಕೆ ನೂರು ಸರಿ. ನೀವು ಓದದೇ ಹೇಳಿದ್ದೀರಿ! ಮೇ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅವರ ಹಡಗುಗಳು ಮಾಂಡೋವಿ ನದಿಯಲ್ಲೇ ಸಿಕ್ಕಿಬಿದ್ದಿದ್ದವು. ದಂಡೆ ಎರಡೂ ಕಡೆ ಬಿಜಾಪುರದವರದು. ಪಣಜಿಯ ಕೋಟೆಯಿಂದ ಫಿರಂಗಿ ಹೊಡೆಯುತ್ತಿದ್ದರು. ಊಟ ಮುಗಿಯಿತು. ಇಲಿ ಹಿಡಿದು ತಿಂದರು, ಪೆಟ್ಟಿಗೆಗಳ ಚರ್ಮ ಬೇಯಿಸಿ ತಿಂದರು. ಅಲ್ಬುಕರ್ಕ್‌ನ ಅಕ್ಕರೆಯ ಸೋದರಳಿಯ ಅಂಟೋನಿಯೊ ದ ನೊರೊನ್ಯ ಅಲ್ಲೇ ಕಾದಾಡಿ ಸತ್ತ. ಆ ಹಡಗುಗಳಲ್ಲಿ ಸೆರೆ ಹಿಡಿದ ಮುಸ್ಲಿಂ ಹೆಂಗಸರನ್ನು ಇಟ್ಟಿದ್ದರು. ಅವರ ಹತ್ತಿರ ಕದ್ದು ಹೋಗುತ್ತಿದ್ದ ರೂಯಿ ದಿಯಾಸ್ ಎಂಬವನನ್ನು ಅಲ್ಬುಕರ್ಕ್ ಗಲ್ಲಿಗೆ ಹಾಕಿದ. ಕ್ಯಾಪ್ಟನ್‌ಗಳು ತಿರುಗಿಬಿದ್ದರೂ ಅವನು ಬಗ್ಗಲಿಲ್ಲ.

ಒಂದು ಘಟನೆ ನನಗೆ ಯಾವತ್ತೂ ಮರೆಯುವುದಿಲ್ಲ. ಬಿಜಾಪುರದ ಕಡೆಯವರು ಉಪವಾಸ ಇದ್ದೀರಲ್ಲ ಅಂತ ದೋಣಿಯಲ್ಲಿ ಆಹಾರ ಕಳಿಸಿದರು. ಅಲ್ಬುಕರ್ಕ್ ಕಾಯಿಲೆಯವರಿಗೆ ಅಂತ ಎತ್ತಿಟ್ಟಿದ್ದ ಉಳಿದ ಸ್ವಲ್ಪ ವೈನ್, ಬಿಸ್ಕತ್ತು ಹೊರಗೆ ಇಡಿಸಿ, ನಮ್ಮಲ್ಲಿ ಬೇಕಾದಷ್ಟಿದೆ ಅಂತ ತೋರಿಸಿ ದೋಣಿ ವಾಪಸ್ ಕಳಿಸಿದ.

ಅಳಿವೆ ಬಾಗಿಲು
ಇಲ್ಲಿ ತಿಮ್ಮಯ್ಯನ ಮೇಲೆ ನನಗೆ ಸಿಟ್ಟು ಬರುತ್ತದೆ. ಅವನು ಈ ಕರಾವಳಿಯವನು. ಮಳೆಗಾಲದ ಅಳಿವೆ ಅವನಿಗೆ ಗೊತ್ತು. ಫೆಬ್ರವರಿಯಲ್ಲಿ ಊರು ಹಿಡಿದರೆ ಮಳೆಗಾಲಕ್ಕೆ ಮೊದಲು ಘಟ್ಟದಿಂದ ಸೈನ್ಯ ಇಳಿದು ಬರುತ್ತದೆ ಅಂತ ಅವನು ಅವರಿಗೆ ಹೇಳಲಿಲ್ಲವಾ?

ಬಂದರು ಭಟ್ಕಳ
ಹೇಳಿದ್ದರೂ ಅಲ್ಬುಕರ್ಕ್ ಕೇಳುವ ಜಾತಿಯವನಲ್ಲ. ಅದೇ ಜನವರಿಯಲ್ಲಿ ಕಲ್ಲಿಕೋಟೆಗೆ ನುಗ್ಗಿ, ಮಾರ್ಷಲ್ ಕುಟಿನ್ಯೊನನ್ನು ಕಳೆದುಕೊಂಡು, ತಾನೂ ಗಾಯಗೊಂಡು ಬಂದವನು. ಫೆಬ್ರವರಿಯಲ್ಲಿ ಗೋವಾ. ನಿಲ್ಲುವ ಮನುಷ್ಯನೇ ಅಲ್ಲ.

ನಾಣ್ಯದ ಪೆಟ್ಟಿಗೆ
ಸ್ವಲ್ಪ ವಿಷಯ ಬದಲಿಸುತ್ತೇನೆ, ಕ್ಷಮಿಸಿ. 1510ರಲ್ಲೇ ಅಲ್ಬುಕರ್ಕ್ ಗೋವಾದಲ್ಲಿ ಟಂಕಸಾಲೆ ಶುರು ಮಾಡಿದ. ಬೆಳ್ಳಿಯ ನಾಣ್ಯದ ಹೆಸರು ಎಸ್ಫೆರ. ಆಕಾಶದ ಗೋಳದ ಚಿತ್ರ ಅದರ ಮೇಲೆ. ಅದು ರಾಜ ಮನುವೆಲ್‌ನ ಗುರುತು. ತಾಮ್ರದ ನಾಣ್ಯಕ್ಕೆ ಲಿಯಾಲ್ ಅಂತ ಹೆಸರು. ಆದರೆ ಪೇಟೆಯ ಜನ ಲೆಕ್ಕ ಹಾಕುತ್ತಿದ್ದದ್ದು ಪರ್ದಾವ್‌ನಲ್ಲಿ. ಪರ್ದಾವ್ ಎಲ್ಲಿಂದ ಬಂತು ಗೊತ್ತಾ? ವಿಜಯನಗರದ ಚಿನ್ನದ ನಾಣ್ಯ ಪ್ರತಾಪ, ಅಂದರೆ ಅರ್ಧ ವರಾಹ. ಪ್ರತಾಪ ಅವರ ಬಾಯಲ್ಲಿ ಪರ್ದಾವ್ ಆಯಿತು. ಊರು ಗೆದ್ದವರಿಗೂ ನಮ್ಮ ನಾಣ್ಯದ ಹೆಸರು ಬಿಡಲು ಆಗಲಿಲ್ಲ. ಅಂಗಡಿಯವನು ಯಾವ ಹೆಸರಿನಲ್ಲಿ ಎಣಿಸುತ್ತಾನೋ ಅದೇ ದುಡ್ಡು, ಅಲ್ವಾ?

ಕೂರ್ಮಗಡ
ವಾಹ್. ಪ್ರತಾಪ ಪರ್ದಾವ್ ಆದದ್ದು ಇವತ್ತೇ ಕೇಳಿದ್ದು.

ಪಣಜಿ ಕನ್ನಡಿಗ
ನಾನು ಪಣಜಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಪೋರ್ಚುಗೀಸರು ಗೋವಾದ ಜನರನ್ನು ಕನಾರಿಂ ಅಂತ ಕರೆದರು, ಕೊಂಕಣಿಯನ್ನೂ ಹಾಗೇ ಕರೆದರು. ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು, ಅದರ ಹೆಸರಿನಲ್ಲೂ ಇರುವುದು ಕನಾರಿಂ ಭಾಷೆ ಅಂತಲೇ. ಇದನ್ನು ಹಿಡಿದುಕೊಂಡು ನಮ್ಮವರು ಕೆಲವರು "ಗೋವಾದಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಿದ್ದರು" ಅಂತ ವಾದ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಹೆಸರು ಬೆರೆಸಿದರು, ಅಷ್ಟೇ. ಮನೆಮಾತು ಕೊಂಕಣಿಯೇ. ಆದರೆ ಕದಂಬರ ಕಾಲದಿಂದ ಕನ್ನಡದ ನಂಟು ಇದ್ದದ್ದೂ ನಿಜ. ಗೋಯ್‌ಕಾನಡಿ ಅಂತ ಕನ್ನಡಕ್ಕೆ ಹತ್ತಿರದ ಲಿಪಿಯೇ ಇತ್ತು, ಅದರಲ್ಲಿ ಕೊಂಕಣಿ ಮರಾಠಿ ಬರೆಯುತ್ತಿದ್ದರು. ಇಲ್ಲಿನ ಸರ್ಕಾರಿ ಬಸ್ಸಿನ ಹೆಸರೇ ಕದಂಬ.

ಪಡುವಣ ಗಾಳಿ
ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲದಿದ್ದರೆ ತಿಮ್ಮಯ್ಯ ಮುಳುಗಿ ಹೋಗುತ್ತಾನೆ.

ಗೋಳಗುಮ್ಮಟದ ನೆರಳು
ಸರಿ, ನವೆಂಬರಿಗೆ ಬರೋಣ. ಇಲ್ಲಿಯವರೆಗೆ ಯಾರೂ ಆ ಮಾತು ತೆಗೆಯಲಿಲ್ಲ. 1510ರ ನವೆಂಬರ್ 25. ಪೋರ್ಚುಗೀಸರು ಊರಿನೊಳಗೆ ನುಗ್ಗಿದ ದಿನ. ಆಮೇಲೆ ನಡೆದದ್ದನ್ನು ಅಲ್ಬುಕರ್ಕ್ ತನ್ನ ರಾಜನಿಗೆ ಡಿಸೆಂಬರ್ 22ರಂದು ತಾನೇ ಬರೆದಿದ್ದಾನೆ. ಸಿಕ್ಕಿದ ಮುಸ್ಲಿಮರನ್ನೆಲ್ಲ ಕೊಲ್ಲಿಸಿದ್ದು, ಮಸೀದಿಯಲ್ಲಿ ತುಂಬಿ ಬೆಂಕಿ ಹಚ್ಚಿದ್ದು, ಗಂಡು ಹೆಣ್ಣು ಸೇರಿ ಸತ್ತವರು 6000 ಅಂತ ಲೆಕ್ಕ ಕೊಟ್ಟದ್ದು. ಅದನ್ನು ಮುಚ್ಚಿಟ್ಟಿಲ್ಲ, ದೊಡ್ಡ ಕೆಲಸ ಮಾಡಿದೆ ಅನ್ನುವ ಹಾಗೆ ಬರೆದಿದ್ದಾನೆ.

ಮೇಲೆ ಶರಾವತಿ ಅವರು ಚಾಪೆಲ್ ಗೋಡೆಯ ಕಲ್ಲಿನ ಬಗ್ಗೆ ಬರೆದರು. ನಾನೂ ಅದರ ಮುಂದೆ ನಿಂತಿದ್ದೆ. ಬಾಗಿಲಿನಿಂದ ಒಳಗೆ ಬಂದ, ಊರು ಗೆದ್ದ ಅಂತ ಇದೆ. ಒಳಗೆ ಬಂದು ಏನು ಮಾಡಿದ ಅಂತ ಇಲ್ಲ. ನನ್ನ ಜೊತೆ ಬಂದಿದ್ದ ಅತ್ತೆಗೆ ಓದಿ ಹೇಳಿದೆ. ಅವರು ಆ ಗೋಡೆಗೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನಾನು ಮಾತಾಡಲಿಲ್ಲ.

ಶರಾವತಿ ತೀರ
ಅಕ್ಕ, ಇದು ನನಗೆ ಗೊತ್ತಿರಲಿಲ್ಲ. ಆ ಗೈಡ್ ಕೂಡ ಹೇಳಲಿಲ್ಲ. ಮಗಳಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ. ಆದರೆ ಹೇಳುತ್ತೇನೆ.

ಪಡುವಣ ಗಾಳಿ
ನೋಡಿ, ಇದಕ್ಕೇ ನಾನು ಮೊದಲೇ ದ್ರೋಹಿ ಅಂದದ್ದು. ಆ 6000 ಜನರ ರಕ್ತ ತಿಮ್ಮಯ್ಯನ ಕೈಗೂ ಅಂಟಿದೆ.

ಹಳೇ ಮೇಷ್ಟ್ರು
ನವೆಂಬರ್ ದಾಳಿಯ ದಿನ ತಿಮ್ಮಯ್ಯ ಅಲ್ಲಿರಲೇ ಇಲ್ಲ. ದಾಳಿಗೆ ಮೊದಲು ಅಲ್ಬುಕರ್ಕ್ ಹೊನ್ನಾವರಕ್ಕೆ ಬಂದಾಗ ತಿಮ್ಮಯ್ಯನ ಮದುವೆ ಗಡಿಬಿಡಿ, ಗೇರುಸೊಪ್ಪೆ ರಾಣಿಯ ಮಗಳ ಜೊತೆ. ಕೋಟೆಯಲ್ಲಿ ಬಿಜಾಪುರದ ಸೇನಾಪತಿ ರಸೂಲ್ ಖಾನ್ ದೊಡ್ಡ ಪಡೆ ಇಟ್ಟುಕೊಂಡಿದ್ದಾನೆ ಅನ್ನುವ ಸುದ್ದಿ ಕೊಟ್ಟ. ತನ್ನ ಜನರನ್ನು ಕರೆದುಕೊಂಡು ಬರುವಷ್ಟರಲ್ಲಿ ಊರು ಬಿದ್ದಾಗಿತ್ತು. ಅವನನ್ನು ಬಿಡಿಸಲು ಇದನ್ನು ಹೇಳುತ್ತಿಲ್ಲ. ದಾರಿ ತೋರಿಸಿದವನು ಅವನೇ. ಕೊಂದವನು ಅವನಲ್ಲ.

ಪಡುವಣ ಗಾಳಿ
ದಾರಿ ತೋರಿಸಿದವನಿಗೆ ಜವಾಬ್ದಾರಿ ಇಲ್ಲವಾ ಮೇಷ್ಟ್ರೇ?

ಹಳೇ ಮೇಷ್ಟ್ರು
ಇದೆ. ನಾನು ಇಲ್ಲ ಅಂದೆನಾ?

ಬಂದರು ಭಟ್ಕಳ
ಇದರಿಂದ ತಿಮ್ಮಯ್ಯನಿಗೆ ಏನು ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ. ಗೋವಾ ತನ್ನ ಕೈಗೇ ಬರುತ್ತದೆ, ಪೋರ್ಚುಗೀಸರಿಗೆ ಕಪ್ಪ ಕಟ್ಟಿಕೊಂಡು ತಾನು ಆಳಬಹುದು ಅನ್ನುವುದು ಅವನ ಲೆಕ್ಕ ಅಂತ ಹೇಳುತ್ತಾರೆ. ಅಲ್ಬುಕರ್ಕ್ ಊರು ಕೊಡಲಿಲ್ಲ. ಊರಿನ ಹಿಂದೂ ಜನರ ಮೇಲೆ ಮುಖ್ಯಸ್ಥನಾಗಿ ಮಾಡಿದ, ಸುತ್ತಲ ನೆಲದ ಕಂದಾಯ ವಸೂಲಿ ಕೊಟ್ಟ. ಆಮೇಲೆ ಆ ಗುತ್ತಿಗೆಯೂ ಹೋಯಿತು, ಹೊನ್ನಾವರದ ರಾಜಮನೆತನದ ಮಲ್ಹಾರರಾಯನ ಪಾಲಾಯಿತು. 1511ರಲ್ಲಿ ಅಲ್ಬುಕರ್ಕ್ ಮಲಾಕ್ಕಾ ಹಿಡಿಯಲು ಹೋದ. ಇತ್ತ ಬಿಜಾಪುರದ ಸೇನಾಪತಿ ಪುಲಾದ್ ಖಾನ್ ಬಂದು ಗೋವಾ ಊರಿರುವ ದ್ವೀಪಕ್ಕೆ ನುಗ್ಗಿದ. ತಿಮ್ಮಯ್ಯ ಗೋವಾ ಬಿಟ್ಟು ವಿಜಯನಗರದ ಕಡೆ ಹೋದ.

ಅವನಿಗೆ ಬೇಕಾಗಿದ್ದದ್ದು ಬಂದರು. ಸಿಕ್ಕಿದ್ದು ಎರಡು ದಿನದ ವಸೂಲಿ ಕೆಲಸ.

ಶರಾವತಿ ತೀರ
ಕೃಷ್ಣದೇವರಾಯ ಏನು ಮಾಡುತ್ತಿದ್ದ ಆಗ? ಅವನಿಗೆ ಇದು ಗೊತ್ತಿರಲಿಲ್ಲವಾ?

ಹಳೇ ಮೇಷ್ಟ್ರು
ಚೆನ್ನಾಗಿ ಗೊತ್ತಿತ್ತು. ಅವನು ಪಟ್ಟಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅಲ್ಬುಕರ್ಕ್ 1510ರಲ್ಲೇ ಫ್ರೈ ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ರಾಯಭಾರಿಯಾಗಿ ಕಳಿಸಿದ. ಹಾರ್ಮುಜ್‌ನಿಂದ ಬರುವ ಕುದುರೆ ನಿಮಗೇ ಕೊಡುತ್ತೇವೆ, ನಿಮ್ಮ ಕರಾವಳಿಯಲ್ಲಿ ನಮಗೆ ಜಾಗ ಕೊಡಿ ಅಂತ ಮಾತು. ರಾಯ ಅವಸರ ಮಾಡಲಿಲ್ಲ. ಬೇಕಾದಾಗ ಬಳಸಿಕೊಂಡ. 1520ರ ರಾಯಚೂರು ಯುದ್ಧದಲ್ಲಿ ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬವನ ಕೋವಿಯವರು ರಾಯನ ಕಡೆ ಇದ್ದರು. ಬಿಜಾಪುರ ಅಲ್ಲಿ ಸೋತಾಗ ಗೋವಾದ ಕ್ಯಾಪ್ಟನ್ ರೂಯಿ ದ ಮೆಲೊ ಇತ್ತ ದ್ವೀಪದ ಆಚೆಯ ನೆಲಕ್ಕೂ ಕೈ ಹಾಕಿದ. ಕುದುರೆ ಎಲ್ಲಿ ಇಳಿಯಬೇಕು ಅನ್ನುವ ಕೀಲಿ ಮಾತ್ರ ರಾಯನ ಕೈಯಲ್ಲಿ ಇರಲಿಲ್ಲ, ಬಿಜಾಪುರದ ಕೈಯಲ್ಲೂ ಇರಲಿಲ್ಲ. ಗೋವಾದಲ್ಲಿ ಕೂತ ಮೂರನೆಯವನ ಕೈಗೆ ಹೋಗಿತ್ತು.

ತಿಮ್ಮಯ್ಯನನ್ನು ದ್ರೋಹಿ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಅವನ ಲೆಕ್ಕ ತಪ್ಪಿತು. ಎದುರಿನವನ ಬಂದರು ಕೆಡಿಸಲು ಹೋಗಿ ತನ್ನ ಬಂದರಿನ ಬೆಲೆಯನ್ನೂ ಕಳೆದ. ಗೋವಾ ಬೆಳೆದಷ್ಟೂ ಭಟ್ಕಳ, ಹೊನ್ನಾವರ ಸೊರಗಿದವು. ಕೊನೆಗೆ 1569ರಲ್ಲಿ ಪೋರ್ಚುಗೀಸರು ಹೊನ್ನಾವರಕ್ಕೇ ಬಂದು ಕೋಟೆ ಹಿಡಿದು ಕೂತರು.

ಬಂದರು ಭಟ್ಕಳ
ಈ ಮಾತಿಗೆ ನನ್ನದೂ ಸಹಿ.

ಪಡುವಣ ಗಾಳಿ
ಸರಿ, ದ್ರೋಹಿ ಅನ್ನುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಜವಾಬ್ದಾರಿ ಅನ್ನುವುದನ್ನು ಬಿಡುವುದಿಲ್ಲ.

ನಾಣ್ಯದ ಪೆಟ್ಟಿಗೆ
ಮೊದಲ ಮೂವತ್ತು ವರ್ಷ ಅಲ್ಲಿನ ಹಿಂದೂಗಳಿಗೆ ಅಷ್ಟು ತೊಂದರೆ ಆಗಲಿಲ್ಲ ಅಂತ ಓದಿದ್ದೇನೆ. ಸರಿಯಾ?

ಪಣಜಿ ಕನ್ನಡಿಗ
ಒಂದು ಮಟ್ಟಿಗೆ ಸರಿ. ಹಳ್ಳಿಯ ಹಿರಿಯ ಮನೆತನದ ಗಾಂವ್ಕಾರರೇ ಊರಿನ ಜಮೀನು ನೋಡಿಕೊಳ್ಳುವ ಪದ್ಧತಿಯನ್ನು ಅಲ್ಬುಕರ್ಕ್ ಮುಟ್ಟಲಿಲ್ಲ. ಸತಿ ಹೋಗುವುದನ್ನು ಮಾತ್ರ ನಿಲ್ಲಿಸಿದ. ಹಳ್ಳಿಗಳ ಹಳೇ ಕಟ್ಟುಕಟ್ಟಳೆಗಳನ್ನೆಲ್ಲ 1526ರಲ್ಲಿ ಬರೆದಿಟ್ಟರು, ಅದಕ್ಕೆ ಫೋರಲ್ ಅನ್ನುತ್ತಾರೆ. ಗೋವಾ ಊರಿರುವ ದ್ವೀಪದ ಹೆಸರು ತಿಸ್ವಾಡಿ, ಅಂದರೆ ಮೂವತ್ತು ವಾಡಿ. ಆ ಹಳ್ಳಿಗಳ ಜಮೀನು, ಕಂದಾಯ, ಯಾರು ಮೊದಲು ಕೂರಬೇಕು, ಯಾರಿಗೆ ಮೊದಲು ವೀಳ್ಯ ಅನ್ನುವಂಥ ಮರ್ಯಾದೆಯ ವಿಷಯವೂ ಅದರಲ್ಲಿದೆ. 1530ರಲ್ಲಿ ಗೋವಾ ಅವರ ಇಡೀ ಪೂರ್ವದ ರಾಜ್ಯಕ್ಕೆ ರಾಜಧಾನಿ ಆಯಿತು. 1540ರಲ್ಲಿ ತಿಸ್ವಾಡಿಯ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಇನ್‌ಕ್ವಿಸಿಷನ್ ಬಂತು. ಮೊದಲು ಇವರ ಸಹಾಯ ಬೇಕಿತ್ತು, ಆಮೇಲೆ ಬೇಕಾಗಲಿಲ್ಲ. ಮುಸ್ಲಿಮರಿಗಂತೂ ಮೊದಲ ದಿನವೇ ಮುಗಿದಿತ್ತು.

ಕೂರ್ಮಗಡ
ಕೋಟೆ ಈಗ ಎಲ್ಲಿದೆ? ಹಳೇ ಗೋವಾದಲ್ಲಿ ಚರ್ಚು ಬಿಟ್ಟರೆ ಗೋಡೆ ಕಾಣಲೇ ಇಲ್ಲ.

ಪಣಜಿ ಕನ್ನಡಿಗ
ಹುಡುಕಬೇಕು. ಸಂತ ಕಯೆತಾನ್ ಚರ್ಚಿನ ಹತ್ತಿರ ಒಂದು ಬಾಗಿಲಿನ ಚೌಕಟ್ಟು ಒಂಟಿಯಾಗಿ ನಿಂತಿದೆ, ಕರಿಕಲ್ಲಿನದು. ಅದು ಆದಿಲ್ ಶಾನ ಅರಮನೆಯ ಬಾಗಿಲು. ಹಿಂದೆ ಅರಮನೆ ಇಲ್ಲ, ಹುಲ್ಲು ಮಾತ್ರ. ನದಿ ಕಡೆ ಬಂದರೆ ವೈಸರಾಯ್ ಕಮಾನು, 1599ರಲ್ಲಿ ವಾಸ್ಕೊ ಡ ಗಾಮನ ಮರಿಮಗ ಕಟ್ಟಿಸಿದ್ದು. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ದಿವಾಡಿ ದ್ವೀಪದ ಫೆರಿ. ಊರಿಗೆ ರೋಗ ಬಿದ್ದು ಜನ ಬಿಟ್ಟು ಹೋದರು. 1759ರಲ್ಲಿ ವೈಸರಾಯ್ ಪಣಜಿಗೆ ಮನೆ ಬದಲಾಯಿಸಿದ, 1843ರಲ್ಲಿ ಪಣಜಿಯೇ ರಾಜಧಾನಿ ಆಯಿತು.

ಹಳೇ ಮೇಷ್ಟ್ರು
ಬನಸ್ತಾರಿಗೂ ಹೋಗಿ. ಕುಂಬಾರ್ಜುವ ಕಾಲುವೆಯ ದಡ, ದ್ವೀಪಕ್ಕೆ ಘಟ್ಟದ ಕಡೆಯಿಂದ ದಾಟಿ ಬರುವ ಜಾಗ. ಬಿಜಾಪುರದವರು ಇಲ್ಲಿ ಗಟ್ಟಿ ಕೋಟೆ ಮಾಡಿಕೊಂಡು ಕೂತಿದ್ದರು. 1512ರ ಕೊನೆಯಲ್ಲಿ ಅಲ್ಬುಕರ್ಕ್ ಮುತ್ತಿಗೆ ಹಾಕಿದ. ರಸೂಲ್ ಖಾನ್ ಶರಣಾದ. ಅವನ ಕಡೆ ಸೇರಿಕೊಂಡಿದ್ದ ಪೋರ್ಚುಗೀಸ್ ಸೈನಿಕರನ್ನು ಜೀವ ತೆಗೆಯುವುದಿಲ್ಲ ಅನ್ನುವ ಮಾತಿನ ಮೇಲೆ ಒಪ್ಪಿಸಿದ. ಅಲ್ಬುಕರ್ಕ್ ಜೀವ ತೆಗೆಯಲಿಲ್ಲ. ಮೂಗು, ಕಿವಿ, ಬಲಗೈ, ಎಡಗೈಯ ಹೆಬ್ಬೆರಳು ಕತ್ತರಿಸಿದ. ಅವರಲ್ಲಿ ಒಬ್ಬ ಫೆರ್ನಾಂವ್ ಲೋಪೆಸ್. ಊರಿಗೆ ಹೊರಟವನು ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಇಳಿದುಬಿಟ್ಟ. ಆ ದ್ವೀಪದಲ್ಲಿ ನೆಲೆಸಿದ ಮೊದಲ ಮನುಷ್ಯ ಅವನೇ. ಜೊತೆಗೆ ಒಂದು ಹುಂಜ ಮಾತ್ರ ಇತ್ತು ಅಂತ ಹೇಳುತ್ತಾರೆ. ಹಡಗು ಕಂಡರೆ ಅಡಗಿಕೊಳ್ಳುತ್ತಿದ್ದನಂತೆ.

ಅಳಿವೆ ಬಾಗಿಲು
ಗೋವಾದ ಕೋಟೆಯಿಂದ ಅಷ್ಟು ದೂರದ ದ್ವೀಪಕ್ಕೆ. ಪಾಪ.

ಕೂರ್ಮಗಡ
ಅಲ್ಬುಕರ್ಕ್ ಕಥೆ ಏನಾಯಿತು?

ಹಳೇ ಮೇಷ್ಟ್ರು
1515ರಲ್ಲಿ ಹಾರ್ಮುಜ್‌ನಿಂದ ಕಾಯಿಲೆ ಬಿದ್ದು ವಾಪಸ್ ಬರುತ್ತಿದ್ದ. ತನ್ನನ್ನು ಕೆಲಸದಿಂದ ತೆಗೆದು ಆಗದವನನ್ನು ಆ ಜಾಗಕ್ಕೆ ಹಾಕಿದ್ದಾರೆ ಅಂತ ದಾರಿಯಲ್ಲೇ ಸುದ್ದಿ ಬಂತು. ಡಿಸೆಂಬರ್ 16ರಂದು ಹಡಗು ಗೋವಾದ ಅಳಿವೆಗೆ ಬಂದು ನಿಂತಾಗ ಸತ್ತ. ದಡಕ್ಕೆ ಇಳಿಯಲಿಲ್ಲ.

ಶರಾವತಿ ತೀರ
ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮಗಳಿಗೆ ಕೂತು ಹೇಳಿದೆ. ಕುದುರೆ, ಅಳಿವೆ, ಇಲಿ ತಿಂದದ್ದು, ಆ 6000 ಜನರ ವಿಷಯ, ಎಲ್ಲ. ಕೇಳಿ ಮುಗಿಸಿ ಅವಳು ಕೇಳಿದ್ದು ಒಂದೇ: "ತಿಮ್ಮಯ್ಯ ಮದುವೆ ಮುಗಿಸಿ ಗೋವಾಕ್ಕೆ ಬಂದಾಗ ಊರು ಹೇಗೆ ಇತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದಕ್ಕೆ ಯಾರಾದರೂ ಏನಾದರೂ ಹೇಳುತ್ತೀರಾ?

ಗೋಳಗುಮ್ಮಟದ ನೆರಳು
ಹೊಗೆ ಇನ್ನೂ ಆರಿರಲಿಕ್ಕಿಲ್ಲ ಅಂತ ಹೇಳಿ ಪುಟ್ಟಿಗೆ.

ಪಣಜಿ ಕನ್ನಡಿಗ
ಮುಂದಿನ ಸಲ ಬಂದಾಗ ತಿಳಿಸಿ. ಆ ಕರಿಕಲ್ಲಿನ ಬಾಗಿಲು, ಬನಸ್ತಾರಿ ಎರಡನ್ನೂ ನಾನೇ ತೋರಿಸುತ್ತೇನೆ. ಮಳೆಗಾಲ ಬಿಟ್ಟು ಬನ್ನಿ. ಕಾಲುವೆಯಲ್ಲಿ ಮೊಸಳೆಗಳಿವೆ, ನೀರಿನ ಅಂಚಿಗೆ ಮಗುವನ್ನು ಬಿಡಬೇಡಿ.